ಶುವಾನತ್ ತೊಟ್ಟ ಉಕ್ಕಿನ ಅಂಗಿ

ನಮ್ಮ ಬೆಟ್ಟದೂರು ಕುಬಾಚಿಯಲ್ಲಿ ಕೆಳಗಿನ ಮನೆಯ ಮಾಳಿಗೆಯೇ ಮೇಲಿನ ಮನೆಯವರ ಅಂಗಳ. ನಮ್ಮ ಮಾಳಿಗೆಯ ಮೇಲೆ ಓಡಾಡುತ್ತಿದ್ದವಳು ಶುವಾನತ್. ಅವಳು ಯಾವಾಗ ನೀರಿಗೆ ಹೊರಟಳು, ಯಾವಾಗ ಗಂಡನ ಮೇಲೆ ಸಿಡುಕಿ ಕಾಲು ಅಪ್ಪಳಿಸಿದಳು ಎಂಬುದೆಲ್ಲ ನನಗೆ ಒಲೆಯ ಮುಂದೆ ಕೂತಲ್ಲೇ ತಿಳಿಯುತ್ತಿತ್ತು. ಹಾಗಾಗಿ ಅವಳ ಕಥೆ ಹೇಳಲು ನನಗಿರುವಷ್ಟು ಹಕ್ಕು ಈ ಊರಿನಲ್ಲಿ ಇನ್ನಾರಿಗೂ ಇಲ್ಲ. ಈಗ ಗಂಡಸರೆಲ್ಲ ‘ನಮಗೆ ಮೊದಲೇ ಗೊತ್ತಿತ್ತು’ ಎನ್ನುತ್ತಾರೆ. ಸುಳ್ಳು. ಒಬ್ಬರಿಗೂ ಗೊತ್ತಿರಲಿಲ್ಲ.

ಅವಳು ಕುಳ್ಳಿ. ಬೆನ್ನಿನ ಮೇಲೆ ತಾಮ್ರದ ಕೊಡ ಹೊತ್ತು ನೀರಿನ ಊಟೆಯಿಂದ ಏರಿ ಬರುವಾಗ ಹಿಂದಿನಿಂದ ನೋಡಿದರೆ ಕೊಡಕ್ಕೇ ಕಾಲು ಬಂದ ಹಾಗೆ ಕಾಣುತ್ತಿತ್ತು. ಬಾಯಿ ಮಾತ್ರ ಎರಡಾಳಿನಷ್ಟು. ಅವಳ ಗಂಡ ಗಪೂರ್ ಮೊಳೆ ಕೂರಿಸುವವನು. ನಮ್ಮಲ್ಲಿ ಉಕ್ಕಿನ ಅಂಗಿಯ ಕೆಲಸ ಮನೆಮನೆಗೆ ಹಂಚಿಹೋಗಿದೆ. ಒಂದು ಮನೆ ತಂತಿ ಎಳೆಯುತ್ತದೆ, ಇನ್ನೊಂದು ಅದನ್ನು ಸಲಾಕೆಗೆ ಸುತ್ತಿ ಕತ್ತರಿಸಿ ಉಂಗುರ ಮಾಡುತ್ತದೆ, ಮತ್ತೊಂದು ಉಂಗುರದ ತುದಿಗಳನ್ನು ಚಪ್ಪಟೆ ಬಡಿದು ತೂತು ಹಾಕುತ್ತದೆ. ಕೊನೆಯ ಕೆಲಸ ಮೊಳೆಯವನದು. ಒಂದು ಉಂಗುರವನ್ನು ನಾಲ್ಕು ಉಂಗುರಗಳೊಳಗೆ ತೂರಿಸಿ, ಸಾಸಿವೆ ಕಾಳಿನಂಥ ಮೊಳೆ ಇಟ್ಟು ಬಡಿದು ಬಾಯಿ ಮುಚ್ಚಬೇಕು. ಅಂಗಿ ಯಾರದು ಎಂದು ಕೇಳಿದರೆ ಮೊಳೆಯವನ ಹೆಸರನ್ನೇ ಹೇಳುವುದು, ಏಕೆಂದರೆ ತೊಟ್ಟವನ ಜೀವ ನಿಂತಿರುವುದು ಆ ಕಾಳಿನ ಮೇಲೆ.

ಆ ಕೆಲಸ ಕಣ್ಣು ತಿನ್ನುತ್ತದೆ. ಗಪೂರನ ಕಣ್ಣಿಗೂ ಮಂಜು ಕವಿಯಿತು. ಕಣ್ಣು ಹೋದ ಸುದ್ದಿ ಹೊರಗೆ ಬಿದ್ದರೆ ಹಿರಿಯರು ಬಂದು ಅವರು ಮೊಳೆ ಬಡಿಯುವ ಅಡಿಗಲ್ಲನ್ನು ಹೊತ್ತು, ದುಡಿಯುವ ಕೈಯಿರುವ ಬೇರೆ ಮನೆಗೆ ಕೊಡುತ್ತಿದ್ದರು. ಕಲ್ಲು ಹೋದರೆ ಕಸುಬೂ ಹೋದ ಹಾಗೆ. ಅದು ನಮ್ಮ ಕಟ್ಟಳೆ. ಗಪೂರನಿಗೆ ಗಂಡುಮಕ್ಕಳಿರಲಿಲ್ಲ. ಹೆಂಗಸರು ಕಬ್ಬಿಣ ಮುಟ್ಟುವುದು ಕೂಡದು ಎಂಬುದೂ ಕಟ್ಟಳೆಯೇ. ಇಂಥ ಕಟ್ಟಳೆಗಳನ್ನು ಮಾಡಿದವರು ಬಹುಶಃ ಹೊಟ್ಟೆ ತುಂಬಿದ ಮೇಲೆ ಕೂತು ಮಾಡಿರಬೇಕು.

ಆ ಚಳಿಗಾಲದಲ್ಲಿ ಮೇಲಿನಿಂದ ಬರುವ ಸುತ್ತಿಗೆಯ ಸದ್ದು ಬದಲಾಯಿತು. ಗಪೂರನದು ನಿಧಾನದ ಏಟು. ಇದು ಚಿಟಚಿಟನೆ ಹುರಿಗಾಳು ಸಿಡಿದ ಹಾಗೆ ಬರುತ್ತಿತ್ತು. ನನಗೆ ತಡೆಯಲಾಗಲಿಲ್ಲ. ಊಟೆಯ ಹತ್ತಿರ ಕೇಳಿಯೇಬಿಟ್ಟೆ.

“ಅತ್ತಿಗೆ, ಸುತ್ತಿಗೆ ಹಾಕ್ತಿರೋರು ಯಾರು?”

“ಇನ್ಯಾರು? ನಿಮ್ಮಣ್ಣ.”

“ನಮ್ಮಣ್ಣ ಹೊರಗೆ ಬಿಸಿಲು ಕಾಯಿಸ್ತಾ ಮೀಸೆ ತಿರುವ್ತಾ ಕೂತಿದ್ನಲ್ಲ!”

ಅವಳು ಕೊಡ ಕೆಳಗಿಟ್ಟು ನನ್ನನ್ನೇ ನೋಡಿದಳು. “ನಿನ್ನ ಬಾಯಿಗೊಂದು ಉಂಗುರ ಹಾಕಿ ಮೊಳೆ ಹೊಡೀಲೇನೆ?”

“ಬೇಡಮ್ಮ, ನಾನೇ ಮುಚ್ಕೋತೀನಿ,” ಎಂದೆ. ಮುಚ್ಚಿಕೊಂಡೆ ಕೂಡ. ನನ್ನ ಜನ್ಮದಲ್ಲಿ ನಾನು ಕಾಪಾಡಿದ ಗುಟ್ಟು ಅದೊಂದೇ.

ಆಮೇಲೆ ನನಗೆ ಒಳಗೆ ಹೋಗಿ ನೋಡುವ ಸಲಿಗೆ ಸಿಕ್ಕಿತು. ಅವಳು ಕಿಟಕಿಯ ಬೆಳಕಿಗೆ ಕೂತು ಬಡಿಯುತ್ತಿದ್ದಳು, ಅವನು ಪಕ್ಕದಲ್ಲಿ ಕೂತು ಮುಗಿದ ಸಾಲನ್ನು ಬೆರಳಿನಿಂದ ತಡವುತ್ತಿದ್ದ.

“ಇದು ಕೂತಿಲ್ಲ ಕಣೆ. ಬಿಚ್ಚು.”

“ನಿಮ್ಮ ಬೆರಳಿಗೇನು ಕಣ್ಣಿದ್ಯೇನ್ರಿ?”

“ಮುಖದಲ್ಲಿದ್ದವು ಎದ್ದು ಬಂದು ಇಲ್ಲೇ ಕೂತಿವೆ. ಬಿಚ್ಚು ಅಂದ್ರೆ ಬಿಚ್ಚು.”

ಅವಳು ಬೈದುಕೊಂಡೇ ಬಿಚ್ಚುತ್ತಿದ್ದಳು. ಹೀಗೆ ಅವಳ ಕೈ ಪಳಗಿತು. ಅಂಗಿಗಳು ಗಪೂರನ ಹೆಸರಿನಲ್ಲಿ ಹೊರಗೆ ಹೋದವು, ಒಂದೂ ಹಿಂದಕ್ಕೆ ಬರಲಿಲ್ಲ. ಊರಿನವರು ‘ಗಪೂರನ ಕೈ ವಯಸ್ಸಾದ ಹಾಗೆಲ್ಲ ಹರಿತವಾಗುತ್ತಿದೆ’ ಎಂದು ಹೊಗಳುವಾಗ ನಾನು ನಗು ತಡೆಯಲು ತಲೆಯ ಬಿಳಿ ವಸ್ತ್ರದ ಸೆರಗು ಕಚ್ಚಿಕೊಳ್ಳುತ್ತಿದ್ದೆ.

ಹೀಗಿರುವಾಗ ಕೈತಾಗ್ ಸೀಮೆಯ ಒಡೆಯ ಬೇಗ್ ತನ್ನ ಸವಾರರಿಗೆಲ್ಲ ಅಂಗಿ ಬೇಕೆಂದು ಬಂದ. ಇಷ್ಟು ದೊಡ್ಡ ಕೆಲಸ ಹಿಡಿಯುವ ಮೊದಲು ಪರೀಕ್ಷೆ ಆಗಲೇಬೇಕು. ಅಂಗಿ ಮಾಡಿದವನೇ ಅದನ್ನು ತೊಟ್ಟು ಬಯಲಿನಲ್ಲಿ ನಿಲ್ಲಬೇಕು, ಅಮುಜ್ಗಿಯ ಕಮ್ಮಾರ ತನ್ನ ಬಾಕಿನಿಂದ ಎದೆಗೆ ತಿವಿಯಬೇಕು. ಅಮುಜ್ಗಿ ಕಣಿವೆಯಾಚೆಯ ಊರು. ಅವರ ಅಲಗಿಗೂ ನಮ್ಮ ಅಂಗಿಗೂ ಇರುವುದು ಅತ್ತೆ ಸೊಸೆಯ ಸಂಬಂಧ. ಬೇಗ್ ಆರಿಸಿದ್ದು ಗಪೂರನ ಅಂಗಿಯನ್ನು.

“ನಾನೇ ನಿಲ್ತೀನಿ,” ಎಂದು ಗಪೂರ್ ಮನೆಯಲ್ಲಿ ಹಟ ಹಿಡಿದ. “ನಿಲ್ಲೋಕೆ ಕಣ್ಣು ಬೇಕಾ? ಅವನು ತಿವೀತಾನೆ, ನಾನು ಬೀಳಲ್ಲ. ಮುಗೀತು.” ಶುವಾನತ್ ಒಪ್ಪಿಕೊಂಡಳು. ಒಪ್ಪದೆ ಬೇರೆ ದಾರಿ ಇರಲಿಲ್ಲ.

ಬಯಲಿನ ತುಂಬ ಜನ. ಗಪೂರ್ ನೆಟ್ಟಗೆ ನಡೆದು ಬಂದ. ಹೆಜ್ಜೆಗಳನ್ನು ಮೊದಲೇ ಅಭ್ಯಾಸ ಮಾಡಿದ್ದ ಪುಣ್ಯಾತ್ಮ. ಅಮುಜ್ಗಿಯ ಕಮ್ಮಾರ ಮುತಾಯ್ ಬಾಕು ಹಿರಿದ. ನಾಲಿಗೆಯಷ್ಟು ಅಗಲ, ಮೊಳದುದ್ದ, ತುದಿಯಂತೂ ಸೂಜಿ. ಶುವಾನತ್ ನನ್ನ ಪಕ್ಕದಲ್ಲಿ ನಿಂತಿದ್ದಳು. ಗಪೂರ್ ಇನ್ನೂ ಅಂಗಿಗೆ ಕೈ ಚಾಚಿರಲಿಲ್ಲ, ಅಷ್ಟರಲ್ಲಿ ಇವಳು ಜನರನ್ನು ತಳ್ಳಿಕೊಂಡು ಮುಂದೆ ಹೋಗಿಬಿಟ್ಟಳು.

“ಅವರನ್ನ ಬಿಡಿ. ಅಂಗಿ ಅವರದಲ್ಲ, ನಂದು. ಪ್ರತಿ ಮೊಳೇನೂ ನಾನೇ ಹೊಡೆದಿದ್ದು. ನಂದೇನಾದ್ರೂ ತಪ್ಪಿದ್ರೆ ಅವರ ಎದೆ ಯಾಕೆ ಒಡೀಬೇಕು? ತೊಡೋಳು ನಾನು.”

ಗದ್ದಲವೋ ಗದ್ದಲ. ಒಬ್ಬ ತೋಬಾ ತೋಬಾ ಎಂದ, ಇನ್ನೊಬ್ಬ ಅಡಿಗಲ್ಲು ಕಿತ್ತು ತನ್ನಿ ಎಂದ. ಆ ಇನ್ನೊಬ್ಬನಿಗೆ ಆ ಕಲ್ಲಿನ ಮೇಲೆ ಬಹಳ ದಿನದಿಂದ ಕಣ್ಣಿತ್ತು. ನಮ್ಮ ಹಿರಿಯ ಸುಂಕೂರ್ ಉಸ್ತಾದ ಕೋಲು ಕುಟ್ಟಿ ಎಲ್ಲರನ್ನೂ ಸುಮ್ಮನಾಗಿಸಿದ.

“ಮಾಡಿದವರು ತೊಡಬೇಕು ಅನ್ನೋದು ಎಲ್ಲಕ್ಕಿಂತ ಹಳೇ ಮಾತು. ತೊಡಲಿ. ಅಂಗಿ ತಡೆದ್ರೆ ಕಲ್ಲು ಅವಳದು. ಹರಿದ್ರೆ…” ಎಂದು ಅಲ್ಲಿಗೇ ನಿಲ್ಲಿಸಿದ.

ಈಗ ಬೇರೆಯೇ ತೊಡಕು ಬಂತು. ಮುತಾಯ್ ಬಾಕನ್ನು ಒರೆಗೆ ಸೇರಿಸಿದ. “ಹೆಂಗಸಿನ ಮೇಲೆ ಅಲಗು ಎತ್ತಿದ ಅಂತ ನನ್ನ ಏಳು ತಲೆಮಾರು ಬೈಸ್ಕೊಬೇಕಾ? ನನ್ನ ಕೈಲಾಗಲ್ಲ.” ಅವನು ಹೇಳಿದ್ದು ತಪ್ಪಲ್ಲ. ನಮ್ಮ ಬೆಟ್ಟಗಳಲ್ಲಿ ಹೆಣ್ಣೊಬ್ಬಳು ತಲೆವಸ್ತ್ರ ತೆಗೆದು ನಡುವೆ ಎಸೆದರೆ ರಕ್ತದ ಜಗಳವೂ ನಿಲ್ಲುತ್ತದೆ. ತಿವಿಯದಿದ್ದರೆ ಪರೀಕ್ಷೆಯಿಲ್ಲ, ಪರೀಕ್ಷೆಯಿಲ್ಲದಿದ್ದರೆ ಕಲ್ಲೂ ಇಲ್ಲ. ಕಲ್ಲಿನ ಮೇಲೆ ಕಣ್ಣಿಟ್ಟವನು ಆಗಲೇ ತೋಳು ಮಡಿಸತೊಡಗಿದ್ದ.

ಆಗ ಅಮುಜ್ಗಿಯವರ ಗುಂಪಿನಿಂದ ಒಬ್ಬ ಮುದುಕಿ ಎದ್ದಳು. ಮುತಾಯ್‌ನ ತಾಯಿ ಹಾಪಿಸತ್. ಬಾಗಿಲು ತುಂಬುವಂಥ ಆಳು.

“ಈಚೆ ಕೊಡೋ ಅದನ್ನ. ಗಂಡಸು ಹೆಂಗಸಿಗೆ ಹೊಡೀಬಾರದು, ಸರಿ. ಹೆಂಗಸು ಹೆಂಗಸಿಗೆ ಹೊಡೀಬಾರದು ಅಂತ ಯಾರು ಹೇಳಿದ್ದು?”

“ಅಮ್ಮಾ, ನಿನಗ್ಯಾಕೆ…”

“ಬಾಯ್ಮುಚ್ಚು. ನಿಮ್ಮಪ್ಪ ಸೊಂಟ ಹಿಡ್ಕೊಂಡು ಮಲಗಿದ್ದಾಗೆಲ್ಲ ದೊಡ್ಡ ಸುತ್ತಿಗೆ ಎತ್ತಿದ್ದು ಯಾರು ಅಂದ್ಕೊಂಡೆ? ನೀನು ಅದೇ ಅಲಗು ಮಾರಿ ದೊಡ್ಡೋನಾದೆ.”

ಮುತಾಯ್‌ನ ಮುಖ ನೋಡಬೇಕಿತ್ತು. ಬೇಗ್ ಗಡ್ಡದೊಳಗೇ ನಕ್ಕ.

ಶುವಾನತ್ ದಪ್ಪ ತುಪ್ಪಟದ ಅಂಗಿಯ ಮೇಲೆ ಉಕ್ಕಿನ ಅಂಗಿ ತೊಟ್ಟಳು. ಸವಾರನ ಅಳತೆಗೆ ಮಾಡಿದ್ದು, ಅವಳಿಗೆ ಮೀನಖಂಡದವರೆಗೂ ಇಳಿಯಿತು. ಹಾಪಿಸತ್ ಎದೆಯ ಹತ್ತಿರ ಹಿಡಿದು ನೋಡಿ ತಲೆಯಾಡಿಸಿದಳು. “ಮಡಿಕೆ ಬಿದ್ದಿದೆ ಮಗಳೇ. ಎರಡು ಪದರದ ಮೇಲೆ ತಿವಿದ್ರೆ ನಾಳೆ ಮೋಸ ಅಂತಾರೆ.”

“ಹೌದು,” ಎಂದು ಶುವಾನತ್ ನನ್ನ ಕಡೆ ತಿರುಗಿದಳು. “ಬಾರೇ, ಹಿಂದಿನಿಂದ ಬಿಗಿಯಾಗಿ ಎಳೆದು ಹಿಡ್ಕೋ.”

ನಾನು! ಹೋದೆ. ಬೆನ್ನ ಹಿಂದೆ ಉಂಗುರಗಳನ್ನು ಮುಷ್ಟಿ ತುಂಬ ಹಿಡಿದು ಎಳೆದೆ. ಎದೆಯ ಮೇಲೆ ಈಗ ಒಂದೇ ಪದರ. ಒಳಗೆ ಅವಳ ಗುಂಡಿಗೆ ಹೊಡೆದುಕೊಳ್ಳುತ್ತಿದ್ದುದು ನನ್ನ ಮುಷ್ಟಿಗೆ ತಿಳಿಯುತ್ತಿತ್ತು. ಆಕಡೆ ಗಪೂರ್ ತುಟಿ ಅಲ್ಲಾಡಿಸುತ್ತ ಖಾಲಿ ಬೆರಳುಗಳನ್ನು ತಡವಿಕೊಳ್ಳುತ್ತಿದ್ದ.

ಹಾಪಿಸತ್ ಅಲ್ಲಾಹನ ಹೆಸರು ಹೇಳಿದಳು. ಮುದುಕಿಯಾದರೂ ಎಲ್ಲೂ ಕೈ ಸಡಿಲ ಬಿಡಲಿಲ್ಲ. ಕಾಲೂರಿ, ಭುಜದ ಬಲವನ್ನೆಲ್ಲ ಕೂಡಿಸಿ ತಿವಿದಳು. ಟಣ್ ಎಂದ ಸದ್ದೊಂದು ಕೇಳಿತು. ಏಟು ಅವಳ ಮೈ ದಾಟಿ ನನ್ನ ಮೊಣಕೈವರೆಗೂ ಬಂತು. ನಾನು ಅಂಡೂರಿ ಕೂತೆ, ಶುವಾನತ್ ನನ್ನ ಮೇಲೆ ಬಿದ್ದಳು.

“ಏಳೇ, ಭಾರ,” ಎಂದೆ.

ಅವಳು ಎದ್ದಳು! ಎದೆ ನೀವಿಕೊಂಡಳು, ಕೆಮ್ಮಿದಳು, ನಗಲು ಶುರುಮಾಡಿದಳು. ಹಾಪಿಸತ್ ಬಾಕನ್ನು ಬಿಸಿಲಿಗೆ ಹಿಡಿದಳು. ತುದಿ ಮುರಿದಿತ್ತು. ಅಂಗಿಯ ಒಂದು ಉಂಗುರ ಮಾತ್ರ ಸೊಟ್ಟಗಾಗಿತ್ತು, ಅದರ ಮೊಳೆ ಕಚ್ಚಿದ್ದು ಕಚ್ಚಿದಂತೆಯೇ ಇತ್ತು.

“ನನ್ನ ಮಗನ ಕೆಲಸ ಕೆಟ್ಟದ್ದಲ್ಲ,” ಎಂದಳು ಮುದುಕಿ. “ಇವಳದು ಅದಕ್ಕಿಂತ ಒಳ್ಳೇದು. ಅಷ್ಟೆ.”

ಬೇಗ್ ಕೇಳಿದ: “ಇದು ನಿನ್ನ ಮೊದಲನೇ ಅಂಗೀನಾ ತಾಯಿ?”

“ಎಲ್ಲಿಯ ಮೊದಲನೇದು? ಹೋದ ಸಲ ಒಯ್ದು ಈಗ ನೀವು ತೊಟ್ಕೊಂಡಿದ್ದೀರಲ್ಲ, ಅದೂ ನಂದೇ.”

ಬೇಗ್ ತನ್ನ ಎದೆಯನ್ನು ತಾನೇ ಬಗ್ಗಿ ನೋಡಿಕೊಂಡ. ಜನ ಹೊಟ್ಟೆ ಹಿಡಿದು ನಕ್ಕರು. ಕಲ್ಲಿಗೆ ಆಸೆಪಟ್ಟವನೂ ನಕ್ಕ, ನಗದೆ ಇನ್ನೇನು ಮಾಡಿಯಾನು.

ಅಂಗಿ ಗೆದ್ದರೆ ಸಾರುವವನು ಎತ್ತರದ ಮಾಳಿಗೆಗೆ ಹತ್ತಿ ಮಾಡಿದವರ ಹೆಸರನ್ನು ಕಣಿವೆಗೆಲ್ಲ ಕೇಳುವ ಹಾಗೆ ಕೂಗಬೇಕು. ಅವನು ಹತ್ತಿದ, ಬಾಯಿ ತೆರೆದ, ಆಮೇಲೆ ಸುಂಕೂರ್ ಉಸ್ತಾದನ ಮುಖ ನೋಡಿದ. ಹೆಣ್ಣಿನ ಹೆಸರನ್ನು ಅಲ್ಲಿಂದ ಯಾರೂ ಎಂದೂ ಕೂಗಿರಲಿಲ್ಲ.

“ಯಾಕೋ, ಹೆಸರು ಮರೆತೋಯ್ತಾ? ಕೂಗು!” ಎಂದು ಉಸ್ತಾದ ಗದರಿದ.

“ಶುವಾನತ್! ಉಕ್ಕಿನ ಅಂಗಿಯ ಶುವಾನತ್!”

ಹೆಸರು ಎದುರು ಬೆಟ್ಟಕ್ಕೆ ಬಡಿದು ಹಿಂದಕ್ಕೆ ಬಂತು. ಗಪೂರ್ ಮುಖವನ್ನು ಮೇಲಕ್ಕೆತ್ತಿದ. ಆ ಮಂಜುಗಣ್ಣುಗಳಿಂದ ನೀರು ಮೀಸೆಯವರೆಗೂ ಇಳಿದಿತ್ತು, ಅವನು ಒರೆಸಿಕೊಳ್ಳಲಿಲ್ಲ.

“ಇನ್ನೊಂದ್ಸಲ ಕೂಗಪ್ಪ,” ಎಂದ. “ಕಿವೀನೂ ಸ್ವಲ್ಪ ಮಂದ ನಂಗೆ.”

ಕಿವಿಗೇನಾಗಿತ್ತು ಅವನಿಗೆ? ಇರುವೆ ನಡೆದರೂ ಕೇಳುತ್ತಿತ್ತು. ಸಾರುವವನಿಗೂ ಅದು ಗೊತ್ತಿತ್ತು. ಅವನು ಎದೆ ತುಂಬ ಉಸಿರೆಳೆದುಕೊಂಡು ಮತ್ತೆ ಕೂಗಿದ.