ಇಲ್ಲಿ ವಿಳಾಸ ಹಾಕಿ

ಆಸ್ಪತ್ರೆಯ ಕಂಪ್ಯೂಟರ್ ಕೋಣೆಯಲ್ಲಿ ಒಂದು ಕಾಲಕ್ಕೆ ನಾಲ್ಕು ಜನರಿದ್ದರು. ಈಗ ಉಳಿದವಳು ಒಬ್ಬಳೇ. ನರ್ಸುಗಳು ಅವಳನ್ನು ತಂತಿಯಕ್ಕ ಎಂದು ಕರೆಯುತ್ತಿದ್ದರು. ಯಾವ ಯಂತ್ರ ಮೊಂಡು ಹಿಡಿದರೂ ಹೆಗಲಿಗೆ ತಂತಿ ಸುತ್ತಿಕೊಂಡು ಓಡಿಬರುವವಳು ಅವಳೇ. ನಲವತ್ತೇಳು ವಯಸ್ಸು, ಹತ್ತೊಂಬತ್ತು ವರ್ಷದ ಚಾಕರಿ, ಸವೆದ ಮಂಡಿ.

ಸೋಂಕಿನ ವಾರ್ಡಿಗೆ ಯಾರನ್ನೂ ಬಿಡುವುದಿಲ್ಲ. ಹಾಗಾಗಿ ಒಳಗಿನ ರೋಗಿಗಳು ಮನೆಯವರ ಮುಖ ನೋಡಿಕೊಂಡು ಮಾತಾಡುವಂತೆ ಒಂದು ಹೊಸ ಸಾಫ್ಟ್‌ವೇರ್ ಕೂರಿಸಬೇಕಿತ್ತು.

"ಶುಕ್ರವಾರದೊಳಗೆ ಆಗ್ಬೇಕಮ್ಮ. ಆಗದಿದ್ರೆ ನಿಮ್ಮ ಕೋಣೆಗೆ ಬೀಗ ಹಾಕಿ, ಕೆಲಸಾನ ಹೊರಗಿನ ಕಂಪನಿಗೆ ಕೊಟ್ಬಿಡ್ತೀವಿ," ಎಂದಿದ್ದರು ಆಡಳಿತಾಧಿಕಾರಿ. ಅವಳ ಸಂಬಳದಲ್ಲೇ ಅಮ್ಮನ ಔಷಧಿಯೂ, ಇಬ್ಬರ ಊಟವೂ ನಡೆಯುತ್ತಿತ್ತು.

ಸಾಫ್ಟ್‌ವೇರ್ ಜೊತೆ ಬಂದ ಕೈಪಿಡಿಯ ಚಂದವನ್ನಂತೂ ಕೇಳಲೇಬೇಡಿ. ಕಂಪ್ಯೂಟರ್ ಆನ್ ಮಾಡುವುದು ಹೇಗೆ ಎಂಬುದಕ್ಕೆ ಎರಡು ಪುಟ. ಮುಖ್ಯವಾದ ಜಾಗಕ್ಕೆ ಬಂದರೆ "ಇಲ್ಲಿ ವಿಳಾಸ ಹಾಕಿ" ಎಂಬ ಒಂದೇ ಸಾಲು. ಯಾರ ವಿಳಾಸ, ಯಾವ ವಿಳಾಸ, ಆ ದೇವರೇ ಬಲ್ಲ. ಅದರ ಕೆಳಗೆ "ವಿವರ ಸದ್ಯದಲ್ಲೇ" ಎಂದು ಬರೆದು ಪುಣ್ಯಾತ್ಮ ಕೈತೊಳೆದುಕೊಂಡಿದ್ದ.

ಸೋಮವಾರ ಅವಳು ಕರೆಗಳನ್ನು ಜೋಡಿಸುವ ಯಂತ್ರದ, ಅಂದರೆ ಆಸ್ಪತ್ರೆಯ ಸರ್ವರಿನ, ವಿಳಾಸವನ್ನೇ ಹಾಕಿದಳು. ಕೋಣೆಯಿಂದ ವಾರ್ಡಿಗೆ ಕರೆ ಮಾಡಿದರೆ ಚಿತ್ರ, ದನಿ ಎರಡೂ ಸೊಗಸು. ಮನೆಯಲ್ಲಿದ್ದ ಅಮ್ಮನ ಮೊಬೈಲಿಗೆ ಮಾಡಿದರೆ ಬರೀ ಕಪ್ಪು. ಮಂಗಳವಾರ, ಬುಧವಾರವೂ ಅದೇ ಹಾಡು. ಅಷ್ಟೊತ್ತಿಗೆ ಕೈಪಿಡಿ ಬರೆದವನ ವಂಶವನ್ನೆಲ್ಲ ಅವಳು ಬೈದು ಮುಗಿಸಿದ್ದಳು. ಫೋನು ಹಿಡಿದು ಕೂತು ಅಮ್ಮನಿಗೂ ಸಾಕಾಗಿತ್ತು.

"ಅಮ್ಮಾ, ಈಗ ಕಾಣಿಸ್ತಿದೀನಾ?"

"ಇಲ್ವೇ, ಕತ್ತಲೆ. ಊಟ ಮಾಡಿದ್ಯಾ?"

"ಊಟ ಆಮೇಲೆ. ಈಗ?"

"ಈಗ್ಲೂ ಕತ್ತಲೇನೇ. ಆ ಹಾಳು ಪೆಟ್ಟಿಗೆ ಬಿಟ್ಟು ಮನೆಗೆ ಬಾರೇ."

ಗುರುವಾರ ಮಧ್ಯಾಹ್ನ, ಸರ್ವರು ಯಾರಿಗೆ ಏನು ಹೇಳುತ್ತಿದೆ ಎಂದು ಸಾಲು ಸಾಲಾಗಿ ಓದುತ್ತಾ ಕೂತಾಗ ಅದರ ಪೆದ್ದುತನ ಸಿಕ್ಕಿಬಿತ್ತು. ಅದು ಹೊರಗಿನವರಿಗೂ ಆಸ್ಪತ್ರೆಯ ಒಳಗೆ ಮಾತ್ರ ನಡೆಯುವ ವಿಳಾಸವನ್ನೇ ಕೊಡುತ್ತಿತ್ತು. ಮನೆ ಎಲ್ಲಿ ಎಂದು ದಾರಿಹೋಕರು ಕೇಳಿದರೆ "ಅಡುಗೆಮನೆ ಪಕ್ಕದ ಕೋಣೆ" ಎಂದ ಹಾಗೆ. ಅವಳು ಹೊರಗಿನವರಿಗೆ ಸಿಗುವ ವಿಳಾಸ ಹಾಕಿ ಮತ್ತೆ ಕರೆ ಮಾಡಿದಳು.

"ಅಯ್ಯೋ," ಎಂದರು ಅಮ್ಮ, "ಎಷ್ಟು ಸೊರಗಿದೀಯೇ!"

ಶುಕ್ರವಾರ ಬೆಳಿಗ್ಗೆ ಅಧಿಕಾರಿ ಖುಷಿಯಾಗಿ, ಹೇಗೆ ಮಾಡಿದಿರೋ ಬರೆದುಕೊಡಿ ಎಂದರು. ಬರೆಯದೆ ಬಚ್ಚಿಟ್ಟರೆ ತನ್ನ ಕುರ್ಚಿ ಗಟ್ಟಿ ಎಂಬುದು ಅವಳಿಗೆ ಹೊಳೆಯದೆ ಇರಲಿಲ್ಲ. ಆದರೆ ಹಾಗೆ ಮಾಡಿದರೆ, ಕೈಪಿಡಿ ಬರೆದವನಿಗೆ ನಾಲ್ಕು ದಿನದಿಂದ ತಾನು ಹಾಕಿದ ಶಾಪ ತನಗೇ ತಗುಲೀತು ಎನಿಸಿತು. ಯಾವ ವಿಳಾಸ, ಏಕೆ, ಎಲ್ಲಿ ಹುಡುಕಬೇಕು, ಎಲ್ಲವನ್ನೂ ಬಿಡಿಸಿ ಬರೆದಳು. ಒಂದೇ ಪುಟ ಆಯಿತು.

ಅಧಿಕಾರಿ ಎರಡು ನಿಮಿಷದಲ್ಲಿ ಓದಿ ಮುಗಿಸಿದರು.

"ಇಷ್ಟೇನಾ? ಇದಕ್ಕಾ ನಾಲ್ಕು ದಿನ ಹಿಡೀತು?"

"ಹೌದು ಸಾರ್, ಇಷ್ಟೇ."

"ಇದನ್ನ ನೋಡ್ಕೊಂಡು ಯಾರು ಬೇಕಾದ್ರೂ ಮಾಡ್ಬಹುದಲ್ಲಮ್ಮ!"

"ಮಾಡ್ಬಹುದು ಸಾರ್."

"ಹಾಗಾದ್ರೆ ಮುಂದಿನ ತಿಂಗಳಿಂದ ಹೊರಗಿನ ಕಂಪನಿಯವರೇ ಸಾಕು ಬಿಡಿ," ಎನ್ನುತ್ತಾ ಅವರು ಆ ಹಾಳೆಯನ್ನು ಜೋಪಾನವಾಗಿ ಫೈಲಿಗೆ ಸೇರಿಸಿದರು.

ಅವಳಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಅಷ್ಟು ದಣಿದಿದ್ದಳು.