ಹಿಂದೆ ಕುಸಿದ ಕಾರು

ಇವತ್ತು ಬೆಂಗೇರಿಯ ಗ್ಯಾರೇಜಿನ ಮುಂದೆ ಹಿಂಭಾಗ ಕುಸಿದ ಕಾರೊಂದನ್ನು ಕಂಡು ಅಲ್ಲೇ ನಿಂತೆ. ಗ್ರೀಸಿನ ವಾಸನೆಗೆ ನಮ್ಮೂರು ಸುಳ್ಳದಿಂದ ಹುಬ್ಬಳ್ಳಿಗೆ ಬರುವ ದಾರಿ ನೆನಪಾಯಿತು.

ನಾನಾಗ ಚಿಕ್ಕವಳು. ಅಜ್ಜಿಗೆ ಉಸಿರಾಟ ಕಷ್ಟವಾಗಿತ್ತು. ನೆರೆಮನೆಯ ಮೆಕ್ಯಾನಿಕ್ ರಫೀಕ್ ಕಾಕಾ ತಮ್ಮ ಹಳೆಯ ಕಾರಿನಲ್ಲಿ ನಮ್ಮನ್ನೆಲ್ಲ ಹುಬ್ಬಳ್ಳಿಯ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದರು. ನಾನು ಅಜ್ಜಿಯ ಒರಟು ಅಂಗೈ ಹಿಡಿದು ಕೂತಿದ್ದೆ. ಊರು ದಾಟಿದ ಮೇಲೆ ಹಿಂದೆ ಟಣ್ ಎಂದು ಸದ್ದಾಗಿ ಕಾರು ಎಡಕ್ಕೆ ವಾಲಿತು. ಟೈರು ತಿಕ್ಕಿ ರಬ್ಬರ್ ಸುಟ್ಟ ವಾಸನೆ ಬಂತು.

ಕಾಕಾ ಇಳಿದು ಹಿಂದಿನ ಎರಡೂ ಚಕ್ರಗಳ ಮೇಲಿನ ಸಂದಿಗೆ ಕೈಯಿಟ್ಟು ಅಳೆದರು. ಬಲಕ್ಕೆ ಗೇಣು ಹಿಡಿಯಿತು, ಎಡಕ್ಕೆ ಬೆರಳೂ ತೂರಲಿಲ್ಲ. ನೆಲಕ್ಕೆ ಮಲಗಿ ಕೆಳಗೆ ಇಣುಕಿದರು.

"ಭಾರ ಹೊರೋ ಸ್ಪ್ರಿಂಗಿನ ಪಾಟಾ ಮುರದೈತ್ರಿ ಅಣ್ಣಾರ. ಇಲ್ಲಿ ಏನೂ ಮಾಡಾಕ ಬರಂಗಿಲ್ಲ. ಮಂದಿ ಇಳದ್ರ ಮೆಲ್ಲಕ ಮುಟ್ಟಬಹುದು."

ಅಪ್ಪ ನಮ್ಮತ್ತ ನೋಡಿದರು. ಅವ್ವ ಇಳಿದಳು. ಅಜ್ಜಿ ನನ್ನ ಕೈ ಬಿಡಲಿಲ್ಲ.

"ಕೂಸಿಂದೇನ್ ಭಾರೋ? ಇರಲಿ ಬಿಡೋ," ಎಂದಳು.

ಅಪ್ಪ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನನ್ನನ್ನು ಕೆಳಗಿಳಿಸಿದರು. ಅಜ್ಜಿಯನ್ನೂ ಅಪ್ಪನನ್ನೂ ಹೊತ್ತ ಕಾರು ವಾಲಿಕೊಂಡೇ ತೆವಳುತ್ತ ಹೋಯಿತು. ಅಜ್ಜಿ ಆಸ್ಪತ್ರೆಯನ್ನೇನೋ ಮುಟ್ಟಿದಳು, ಮನೆಗೆ ಮಾತ್ರ ಬರಲಿಲ್ಲ.

"ಗಾಡಿ ನಿಮ್ದೇನ್ರಿ ಅಕ್ಕಾರ?" ಗ್ಯಾರೇಜಿನವನು ಕೇಳಿದ.

ಅಲ್ಲವೆಂದು ತಲೆಯಾಡಿಸಿ ಮುಂದೆ ನಡೆದೆ.