ಹೊಸ್ತಿಲಾಚೆಯ ಬಿದಿರು

ನಮ್ಮ ತಾರಸಿಗೆ ಮೆಟ್ಟಿಲು ಇರುವುದು ಮನೆಯ ಹೊರಗಿನಿಂದ. ಮನೆ ಕಟ್ಟಿಸುವಾಗ ನಾನು ಅದಕ್ಕೆ ಗೊಣಗಿದ್ದೆ. ಮಳೆ ಬಂದಾಗ ಬಟ್ಟೆ ತರಲು ಓಡಿದರೆ ಬಟ್ಟೆಯ ಜೊತೆ ನಾವೂ ನೆನೆಯಬೇಕಲ್ಲ ಎಂದು. ಬಿದಿರು ತಂದ ದಿನ ಮಾತ್ರ ಆ ಮೆಟ್ಟಿಲು ಅಲ್ಲಿರುವುದು ಎಷ್ಟು ಒಳ್ಳೆಯದಾಯಿತು ಅನ್ನಿಸಿತು.

ಮಾಗಡಿ ರಸ್ತೆಯ ನರ್ಸರಿಯೊಂದಕ್ಕೆ ದಾಸವಾಳ ತರಲು ಹೋಗಿದ್ದೆ. ದಾಸವಾಳದ ಸಾಲಿನ ಹಿಂದೆ, ನಲ್ಲಿಯ ಪಕ್ಕ, ಹರಿದ ಕಪ್ಪು ಚೀಲದಲ್ಲಿ ಒಂದು ಬಿದಿರು ನಿಂತಿತ್ತು. ಅದರ ಗಿಣ್ಣು ಗಿಣ್ಣಿನ ನಡುವೆ ಕಾಂಡ ಸಣ್ಣಗೆ ಉಬ್ಬಿತ್ತು, ಹಾಲು ಕುಡಿದು ಮಲಗಿದ ಮಗುವಿನ ಹೊಟ್ಟೆಯ ಹಾಗೆ. ನರ್ಸರಿಯವರು ಅದನ್ನು ಬುದ್ಧ ಬೆಲ್ಲಿ, ಬುದ್ಧನ ಹೊಟ್ಟೆ, ಎಂದರು. ನಾನು ದಾಸವಾಳ ಮರೆತೆ. ಅಗಲವಾದ ಒಂದು ತಟ್ಟೆಯಲ್ಲಿ ಮೊಳದುದ್ದದ ಬಿದಿರು ಮೆಳೆ, ಅದು ನಮ್ಮ ನಡುಮನೆಯ ಕಿಟಕಿಯ ಪಕ್ಕದಲ್ಲಿ, ಅದರ ಎದುರಿಗೆ ನನ್ನ ಕುರ್ಚಿ ಮತ್ತು ಹೊಲಿಗೆ. ಆಟೋದಲ್ಲಿ ಬರುವಾಗಲೇ ಇದೆಲ್ಲ ನನ್ನ ಕಣ್ಣಿಗೆ ಕಟ್ಟಿಬಿಟ್ಟಿತ್ತು.

ಗೇಟಿನೊಳಗೆ ಕಾಲಿಡುತ್ತಿದ್ದಂತೆ ಜಗಲಿಯ ಮೇಲೆ ಕೂತಿದ್ದ ಅತ್ತೆ ಕೇಳಿದರು. "ಏನವ್ವ ಅದು? ಬಿದ್ರಾ?"

"ಹೂಂ ಅತ್ತೆ. ಕುಂಡದಲ್ಲೇ ಬೆಳೆಯುತ್ತೆ. ಇಷ್ಟೇ ಎತ್ತರ ಇರುತ್ತೆ."

"ಎಷ್ಟಾದ್ರೂ ಇರ್ಲಿ ಬುಡು. ಹಸಿ ಬಿದ್ರು ಹೊಸ್ಲು ದಾಟಕೂಡ್ದು ಕಣವ್ವ. ಅದು ಮನೆ ತಾವ್ಕೆ ಬರೋದು ಒಂದೇ ದಿನ."

ಯಾವ ದಿನ ಎಂದು ಅವರು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಚಟ್ಟ ಕಟ್ಟಲು ಹಸಿ ಬಿದಿರೇ ಆಗಬೇಕು. ಒಣಗಿದ ಬಿದಿರಿಗೆ ಈ ಮಾತು ಅನ್ವಯಿಸುವುದಿಲ್ಲ. ನಮ್ಮ ಅಡುಗೆಮನೆಯಲ್ಲಿ ಬಿದಿರಿನ ಮೊರ ಇದೆ, ಬುಟ್ಟಿ ಇದೆ, ಗೌರಿ ಹಬ್ಬಕ್ಕೆ ಮೊರದ ಬಾಗಿನ ಕೊಡುವುದೂ ಇದೆ. ಎಲೆಯಿರುವ, ಹಸಿರು ಬಿದಿರು ಮಾತ್ರ ಆಗದು.

ನಾನು ಓದಿದ ಕಾನ್ವೆಂಟಿನಲ್ಲಿ ಸಿಸ್ಟರ್ ಒಬ್ಬರು, ಬಾಗಿಲು ತಟ್ಟುವುದಾದರೂ ಮೆಲ್ಲಗೆ ತಟ್ಟಿ, ಆದರೆ ತೆರೆಯುವವರೆಗೂ ತಟ್ಟಿ ಎನ್ನುತ್ತಿದ್ದರು. ನಾನು ಮೆಲ್ಲಗೆ ಕೇಳಿದೆ. "ತಾರಸಿ ಮೇಲೆ ಇಡಲಾ ಅತ್ತೆ? ಹೊರಗಿನ ಮೆಟ್ಟಿಲಲ್ಲೇ ಹೋಗ್ತೀನಿ."

ಅತ್ತೆ ಮೆಟ್ಟಿಲು ನೋಡಿದರು, ಗಿಡ ನೋಡಿದರು. "ಇಟ್ಕೊ ಹೋಗು. ಆಕಾಸದ ಕೆಳಗೆ ಯಾರ್ದೇನು ತಕರಾರು."

ನನ್ನ ಅತ್ತೆ ಕೈಲಾಂಚದ ಕಡೆಯವರು. ಮದುವೆಯಾಗಿ ಬಂದಾಗಿನಿಂದ ರೇಷ್ಮೆ ಹುಳು ಸಾಕಿದವರು. ಮಂಡಿ ನೋವು ಹೆಚ್ಚಾದ ಮೇಲೆ ಹುಳದ ಮನೆಗೆ ಬೀಗ ಹಾಕಿ ರಾಮನಗರಕ್ಕೆ, ನಮ್ಮ ಜೊತೆ ಇರಲು ಬಂದರು. ಆದರೂ ಬೆಳಗಿನ ಜಾವಕ್ಕೆ ಎದ್ದು, ಯಾರಿಗೋ ಸೊಪ್ಪು ಹಾಕಲು ಹೊತ್ತಾಯಿತೆನ್ನುವ ಹಾಗೆ ಮನೆಯೆಲ್ಲ ಓಡಾಡುತ್ತಾರೆ. ಕಾಗೆಗೆ ಅನ್ನ, ಬೀದಿ ನಾಯಿಗೆ ತಳ ಹಿಡಿದ ಮುದ್ದೆಯ ಸೀಕು, ಇರುವೆಗೆ ಸಕ್ಕರೆ. ಅವರ ಕಣ್ಣ ಮುಂದೆ ಯಾವುದೂ ಹಸಿದಿರಬಾರದು.

ಕುಂಡದ ಬಿದಿರಿಗೆ ಬೇಕಾದದ್ದು ಇದರ ಉಲ್ಟಾ. ಫೋನಿನಲ್ಲಿ ನೋಡಿ, ಕೆಡಿಸಿ, ಮತ್ತೆ ನೋಡಿ ನಾನು ಕಲಿತದ್ದು ಇಷ್ಟು. ಬೇರಿಗೆ ಜಾಗ ಕಡಿಮೆ ಕೊಡಬೇಕು. ನೀರು ಅಳೆದು ಹಾಕಬೇಕು, ಗೊಬ್ಬರ ಚಿಟಿಕೆ. ಹಾಗೆ ಬಿಗಿಯಾಗಿ ಬೆಳೆಸಿದರೇ ಗಿಣ್ಣುಗಳ ನಡುವೆ ಹೊಟ್ಟೆ ಮೂಡುವುದು. ಮಳೆಗಾಲದಲ್ಲಿ ಬುಡದಿಂದ ಹೊಸ ಕಳಲೆ ಮೂತಿ ಹಾಕಿದಾಗ ಅದಕ್ಕೆ ಸುತ್ತಿಕೊಂಡ ಪೊರೆಗಳನ್ನು ಕೆಳಗಿನಿಂದ ಒಂದೊಂದಾಗಿ, ದಿನಕ್ಕಿಷ್ಟು ಎಂದು ಸುಲಿಯಬೇಕು. ಪೊರೆ ಹೋದ ಕಡೆ ಕಾಂಡ ಗಟ್ಟಿಯಾಗಿ, ಉದ್ದಕ್ಕೆ ಎಳೆಯುವುದನ್ನು ನಿಲ್ಲಿಸುತ್ತದೆ. ಅವಸರ ಮಾಡಿದರೆ ತುದಿ ಮುರಿಯುತ್ತದೆ. ತಡ ಮಾಡಿದರೆ ಒಂದೇ ರಾತ್ರಿಗೆ ಗೇಣು ಎದ್ದಿರುತ್ತದೆ. ಪೊರೆಯ ಮೇಲಿನ ಕಂದು ಸುಂಕು ಬೆರಳಿಗೆ ಚುಚ್ಚಿಕೊಂಡು ಸಂಜೆಯವರೆಗೂ ನವೆಯಾಗುತ್ತದೆ. ನಾನು ಹುಬ್ಬು ತೀಡುವ ಚಿಮಟದಿಂದ ಸುಲಿಯುತ್ತಿದ್ದೆ.

ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದ ಅತ್ತೆ ಇದನ್ನು ನೋಡಿದರು. "ನೀರ್ಗೂ ಅಳತೆ, ಗೊಬ್ರಕ್ಕೂ ಅಳತೆ. ಏನ್ ಮಾಡೈತೆ ಅಂತ ಇಂಗೆ ಉಪಾಸ ಕೆಡ್ವಿದ್ದೀಯೆ ಅದ್ನ?"

"ಹೊಟ್ಟೆ ಬರಲಿ ಅಂತ ಅತ್ತೆ. ಜಾಸ್ತಿ ತಿಂದರೆ ಹೊಟ್ಟೆ ಬರಲ್ಲ ಇದಕ್ಕೆ."

ಅತ್ತೆ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. "ಉಣ್ದಿದ್ರೆ ಹೊಟ್ಟೆ ಬತ್ತದಂತೆ! ನನ್ ಮಗಂಗೂ ಒಸಿ ಯೋಳು ಇದ. ಅವ್ನು ಉಂಡೂ ಉಂಡೂ ಬರಿಸ್ಕೊಂಡವ್ನೆ."

ನಕ್ಕರು ನಿಜ, ಆದರೆ ಒಪ್ಪಲಿಲ್ಲ. ಅದು ಗೊತ್ತಾಗಿದ್ದು ನಾನು ಕನಕಪುರದಲ್ಲಿ ತಂಗಿಯ ಬಾಣಂತನಕ್ಕೆಂದು ಹೋಗಿ ಬಂದ ಮೇಲೆ. ಆ ಹೊತ್ತಿಗೆ ಮಳೆ ಚೆನ್ನಾಗಿ ಹಿಡಿದಿತ್ತು. ತಾರಸಿ ಹತ್ತಿದರೆ ನನ್ನ ಬಿದಿರು ನನಗಿಂತ ಎತ್ತರವಾಗಿ ನಿಂತಿದೆ! ನೆಟ್ಟಗೆ, ನುಣ್ಣಗೆ, ಗಿಣ್ಣಿನಿಂದ ಗಿಣ್ಣಿಗೆ ಮೊಳಕೈಯಷ್ಟು ದೂರ. ಹೊಟ್ಟೆಯ ಸುಳಿವೇ ಇಲ್ಲ. ಬಗ್ಗಿ ನೋಡಿದರೆ ಬುಡದಲ್ಲಿ ಮೆಣಸುಕಾಳಿನಂಥ ಕಪ್ಪು ಕಾಳು ರಾಶಿ. ರೇಷ್ಮೆ ಹುಳದ ಹಿಕ್ಕೆ. ಹಿಪ್ಪುನೇರಳೆ ಸೊಪ್ಪು ತಿಂದ ಹುಳದ ಹಿಕ್ಕೆಗಿಂತ ಜೋರಿನ ಗೊಬ್ಬರ ನಮ್ಮ ಕಡೆ ಯಾರೂ ಕಂಡಿಲ್ಲ. ಅತ್ತೆ ತವರಿನಿಂದ ಚೀಲದಲ್ಲಿ ತರಿಸಿ, ಒಂದೊಂದೇ ಮೆಟ್ಟಿಲು ಹತ್ತಿ, ದಿನವೂ ಹಿಡಿ ಹಿಡಿ ಉಣ್ಣಿಸಿದ್ದರು.

ಕೆಳಗೆ ಬಂದಾಗ ಅತ್ತೆ ನನ್ನ ಮುಖವನ್ನೇ ನೋಡುತ್ತಿದ್ದರು, ಹೊಗಳಿಕೆಗೆ ಕಾದವರಂತೆ. "ಎಂಗೆ ಎದ್ದೈತೆ ನೋಡ್ದಾ?"

"ನೋಡಿದೆ ಅತ್ತೆ," ಎಂದೆ. ಅಡುಗೆಮನೆಗೆ ಹೋಗಿ ಕಾಫಿಗೆ ನೀರಿಟ್ಟೆ. ಆಮೇಲೆ ನಮ್ಮವರ ಹಳೆಯ ಗರಗಸ ಹುಡುಕಿ ಮೇಲೆ ಹೋಗಿ, ಆ ಉದ್ದನೆಯ ಗಳುಗಳನ್ನೆಲ್ಲ ಬುಡದಿಂದ ಕುಯ್ದೆ. ತುಂಡುಗಳು ತೊಂಡೆಬಳ್ಳಿಗೆ ಆಸರೆಯಾದವು. ಬೇರಿನ ಗಡ್ಡೆ ಬಿಡಿಸಿ ಎರಡು ಪಾಲು ಮಾಡಿದೆ. ಒಂದನ್ನು ನೀರಿನ ಹಳೇ ಡ್ರಮ್ಮಿಗೆ ನೆಟ್ಟು ಅತ್ತೆಗೆ ಹೇಳಿದೆ, "ಇದು ನಿಮ್ಮದು. ಎಷ್ಟು ಬೇಕಾದರೂ ಹಾಕಿ." ಇನ್ನೊಂದು ಪಾಲನ್ನು ಬೆರಳುದ್ದದ ಗೋಡೆಯಿದ್ದ ಸಿಮೆಂಟ್ ತಟ್ಟೆಯಲ್ಲಿ ಕೂರಿಸಿದೆ. "ಇದು ನನ್ನದು."

"ಬೇರೆ ಮಾಡ್ಬುಟ್ಟಲ್ಲ ಸಂಸಾರವ," ಎಂದರು ಅತ್ತೆ. ಆದರೆ ನನ್ನ ತಟ್ಟೆಗೆ ಮತ್ತೆ ಕೈ ಹಚ್ಚಲಿಲ್ಲ.

ಚಳಿಗಾಲ ಚೆನ್ನಾಗಿಯೇ ಕಳೆಯಿತು. ಬೇಸಿಗೆ ಬಂದಾಗ ತಟ್ಟೆಗೆ ಕಷ್ಟ ಶುರುವಾಯಿತು. ನಮ್ಮೂರಿನ ಬಂಡೆಗಳು ಹಗಲೆಲ್ಲ ಬಿಸಿಲು ಕುಡಿದು ಸಂಜೆ ಅದನ್ನೇ ಊರ ಮೇಲೆ ಊದುತ್ತವೆ. ತಾರಸಿಯ ಮೇಲೆ ಬರಿಗಾಲಿಡಲು ಆಗುವುದಿಲ್ಲ. ಅಷ್ಟು ತೆಳುವಾದ ಮಣ್ಣು ಬೆಳಗ್ಗೆ ನೀರು ಹಾಕಿದರೆ ಮಧ್ಯಾಹ್ನಕ್ಕೆ ಬಿರಿದಿರುತ್ತಿತ್ತು. ಅತ್ತೆಯ ಡ್ರಮ್ಮಿನ ಬಿದಿರಿಗೆ ಏನೂ ಆಗಲಿಲ್ಲ, ಅದಕ್ಕೆ ಮಣ್ಣಿನ ಆಳವಿತ್ತು. ನನ್ನ ಮೆಳೆಯ ಎಲೆಗಳು ಉದ್ದಕ್ಕೆ ಸುರುಳಿ ಸುತ್ತಿ ಸೂಜಿಯಾದವು. ಹಳೇ ಸೀರೆ ಕಟ್ಟಿ ನೆರಳು ಮಾಡಿದೆ, ಗಾಳಿ ಅದನ್ನು ಪಕ್ಕದ ಮನೆಯ ಡಿಶ್ಶಿಗೆ ಸುತ್ತಿತು. ಗೋಣಿಚೀಲ ನೆನೆಸಿ ಹೊದಿಸಿದೆ, ಮುಚ್ಚಿದ ಕಡೆ ಎಲೆ ಕೊಳೆಯಿತು. ಉಳಿದ ದಾರಿ ಒಂದೇ, ಮನೆಯೊಳಗಿನ ತಂಪು. ಹಿಂಬಾಗಿಲಿನ ಒಳಗೆ, ಬಚ್ಚಲಿನ ಪಕ್ಕ, ಬೆಳಗಿನ ಎಳೆ ಬಿಸಿಲು ಬಂದು ಹೋಗುವ ಒಂದು ಮೂಲೆಯಿದೆ.

ನಮ್ಮವರನ್ನು ಕೇಳಿದೆ. "ಅಮ್ಮನ ಮಾತು ಮೀರಬೇಡ, ಗಿಡಾನೂ ಸಾಯಿಸಬೇಡ," ಎಂದು ತೀರ್ಪು ಕೊಟ್ಟು ಪೇಪರ್ ಮಡಿಸಿ ಎದ್ದು ಹೋದರು.

ಒಂದು ಮಧ್ಯಾಹ್ನ ತಟ್ಟೆಯನ್ನು ಎತ್ತಿಕೊಂಡು ಇಳಿದು ಹಿಂಬಾಗಿಲಿಗೆ ಬಂದೆ. ಒಳಗೆ ಅತ್ತೆ ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತಿದ್ದರು. ತಲೆಯೆತ್ತದೆಯೇ "ಅಲ್ಲೇ ನಿಂತ್ಕೊ," ಎಂದರು.

ನಿಂತೆ. ಸಿಮೆಂಟಿನ ತಟ್ಟೆಯನ್ನು ಸೊಂಟಕ್ಕೆ ಆನಿಸಿಕೊಂಡೆ.

"ನಿಮ್ಮಾವ ಹೋದಾಗ," ಎಂದು ಅತ್ತೆ ಕುಟ್ಟುವುದನ್ನು ನಿಲ್ಲಿಸಿದರು, "ಗಳ ತಂದು ಬಾಗ್ಲು ಮುಂದೆ ಹಾಕುದ್ರು. ಎಲೆ ಇನ್ನೂ ಹಂಗೇ ಇದ್ವು ಕಣವ್ವ. ಎಳ್ಕಂಡ್ ಹೋಗ್ವಾಗ ಒಂದೆಲೆ ಹಾರ್ಕೊಂಡು ಒಳೀಕೆ ಬಂತು. ಎಲ್ಲಾ ಮುಗ್ದು ಮನೆ ತೊಳ್ದ ಮ್ಯಾಕೂ ಒಲೆ ಸಂದೀಲಿ ಅದು ಅಲ್ಲೇ ಇತ್ತು. ನಾನೇ ತಗ್ದು ಬಿಸಾಕ್ದೆ."

ಇಷ್ಟು ವರ್ಷದಲ್ಲಿ ಅವರು ನನಗೆ ಇದನ್ನು ಹೇಳಿರಲಿಲ್ಲ. ನಾನು ತಟ್ಟೆಯನ್ನು ಹೊಸ್ತಿಲಿನ ಹೊರಗೆ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಇಳಿಸಿದೆ. ಇಳಿಸುವಾಗ ಒಣಗಿದ ಎಲೆಯೊಂದು ಉದುರಿ ಒಳಗೆ ಬೀಳಲಿತ್ತು. ಹೊಸ್ತಿಲಿಗೆ ಮೊದಲೇ ಅದನ್ನು ಹಿಡಿದು ಮುಷ್ಟಿಯಲ್ಲಿ ಇಟ್ಟುಕೊಂಡೆ. ಅತ್ತೆ ನೋಡಿದರು.

ಇನ್ನು ಅದನ್ನು ಒಳಗೆ ತರುವ ಮಾತು ಎತ್ತಬಾರದೆಂದು ಆಗಲೇ ತೀರ್ಮಾನಿಸಿದೆ. ಆದರೆ ಸಾಯಲೂ ಬಿಡಬಾರದು. ಎರಡೂ ಒಟ್ಟಿಗೆ ಆಗಬೇಕು. ಸಂಜೆ ಮತ್ತೆ ಮೇಲೆ ಹೊತ್ತುಕೊಂಡು ಹೋಗುವಾಗ ಮೆಟ್ಟಿಲ ಕೆಳಗಿನ ಸಾಮಾನು ಕೋಣೆಯ ಬಾಗಿಲು ಅರೆ ತೆರೆದಿತ್ತು. ಅಲ್ಲಿ ಗೋಡೆಗೆ ಒರಗಿಸಿ, ಹಳೇ ಪಂಚೆ ಹೊದಿಸಿ ಇಟ್ಟಿದ್ದವು ಅತ್ತೆಯ ಚಂದ್ರಿಕೆಗಳು. ಹಣ್ಣಾದ ರೇಷ್ಮೆ ಹುಳುಗಳನ್ನು ಗೂಡು ಕಟ್ಟಲು ಬಿಡುವ ಬಿದಿರಿನ ದೊಡ್ಡ ತಟ್ಟಿಗಳು. ಮೈತುಂಬ ಬಿದಿರು ಪಟ್ಟಿಯ ಸುರುಳಿ, ಸುರುಳಿಯ ಸಂದಿಯಲ್ಲಿ ಗಾಳಿ ಬೆಳಕು ಆಡುತ್ತದೆ. ಒಣಗಿದ ಬಿದಿರು, ಯಾವ ತಕರಾರೂ ಇಲ್ಲದ್ದು.

ಊಟಕ್ಕೆ ಬಡಿಸುತ್ತಾ ಕೇಳಿದೆ. "ಅತ್ತೆ, ಚಂದ್ರಿಕೆ ಕೊಡ್ತೀರಾ? ತಟ್ಟೆಗೆ ನೆರಳು ಮಾಡಕ್ಕೆ."

"ಅದು ಹುಳದ್ದು."

"ಹುಳ ಇಲ್ವಲ್ಲ ಅತ್ತೆ ಈಗ."

"ಇಲ್ದಿದ್ರೆ ಏನಾಯ್ತು? ಬಿಸ್ಲಿಗೆ ಮಳೆಗೆ ಹಾಕಿ ಲಡ್ಡು ಹಿಡಿಸಕ್ಕಾ?" ಊಟದ ತಟ್ಟೆಯಲ್ಲಿ ಕೈ ತೊಳೆದು ಎದ್ದುಬಿಟ್ಟರು. ಬೀಗ ಹಾಕಿದ ಆ ಊರ ಮನೆಯಿಂದ ಅವರು ತಂದದ್ದು ಎರಡೇ, ದೇವರ ಪಟ ಮತ್ತು ಆ ಚಂದ್ರಿಕೆಗಳು. ನನಗೆ ಅದು ಗೊತ್ತಿತ್ತು. ಆದರೂ ಮರುದಿನ ಕೇಳಿದೆ. ಅದರ ಮರುದಿನವೂ ಕೇಳಿದೆ, ಉಪ್ಪು ಸಾಕಾ ಎಂದು ಕೇಳುವ ದನಿಯಲ್ಲಿ. ಅತ್ತೆ ಗೋಡೆ ಕಡೆ ತಿರುಗಿ "ಈ ಕಾನ್ವೆಂಟ್ನೋರು ಜಗಳಾನೂ ಆಡಲ್ಲ, ಬುಡೋದೂ ಇಲ್ಲ," ಎಂದರು.

ಕೊನೆಗೆ ಅವರೇ ಒಂದು ಬೆಳಗ್ಗೆ ತಾರಸಿಗೆ ಬಂದರು, ತಮ್ಮ ಡ್ರಮ್ಮಿಗೆ ನೀರು ಹಾಕುವ ನೆಪದಲ್ಲಿ. ನಾನು ತಟ್ಟೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಎಲೆಗಳಿಗೆ ನೀರು ಚಿಮುಕಿಸುತ್ತಿದ್ದೆ. ಅತ್ತೆ ನನ್ನ ಬೆನ್ನ ಹಿಂದೆ ಬಂದು ನಿಂತರು. ಆಮೇಲೆ ಮಂಡಿ ಹಿಡಿದು ಬಗ್ಗಿ, ಸುರುಳಿ ಸುತ್ತಿದ ಎಲೆಯ ಮುಂದೆ ಬೆರಳು ಹಿಡಿದರು, ಮುಟ್ಟಲಿಲ್ಲ.

"ತಲೆ ಎತ್ಕೊಂಡು ಸುಮ್ಕೆ ನಿಂತೈತೆ," ಎಂದರು. "ಜ್ವರಕ್ಕೆ ಕೂತ ಹುಳಾನೂ ಇಂಗೇ."

ಹುಳು ಪೊರೆ ಬಿಡುವ ಕಾಲಕ್ಕೆ ಅವರ ಕಡೆ ಜ್ವರ ಎನ್ನುತ್ತಾರೆ. ಆಗ ಹುಳು ತಲೆಯೆತ್ತಿ ಅಲುಗಾಡದೆ ಇರುತ್ತದೆ, ಏನೂ ತಿನ್ನುವುದಿಲ್ಲ. "ಆಗ ಸೊಪ್ಪು ಹಾಕ್ತಿದ್ರಾ ಅತ್ತೆ?" ಎಂದು ಕೇಳಿದೆ.

"ಹಾಕ್ತಾರಾ? ಜ್ವರದಾಗೆ ಸೊಪ್ಪು ಹಾಕುದ್ರೆ ಹುಳ ಉಳೀತದಾ? ಉಪಾಸನೇ ಇಡ್ಬೇಕು. ನೆಳ್ಳು, ಒಸಿ ಗಾಳಿ, ಅಷ್ಟೇಯಾ..." ತಮ್ಮ ಮಾತು ತಮಗೇ ಕೇಳಿಸಿತು. ನನ್ನ ಕಡೆ ನೋಡಿದರು. ನಾನು ನೀರು ಚಿಮುಕಿಸುವುದನ್ನೇ ಮುಂದುವರಿಸಿದೆ. ಆ ಹೊತ್ತಿನಲ್ಲಿ ಗೆದ್ದ ಮುಖ ಮಾಡಿದ್ದರೆ ಎಲ್ಲ ಕೆಡುತ್ತಿತ್ತು.

ಅತ್ತೆ ಮೆಟ್ಟಿಲ ತುದಿಗೆ ಹೋಗಿ ಮಗನನ್ನು ಕೂಗಿದರು. "ಏನ್ಲಾ, ಪೇಪರ್ ಓದಿದ್ದು ಸಾಕು. ಆ ಚಂದ್ರಿಕೆ ಎರಡ ಎತ್ಕೊಂಡ್ ಬಾ. ಸುರುಳಿ ಮುರುದ್ರೆ ನಿನ್ ಕೈ ಮುರೀತೀನಿ."

ನೀರಿನ ಪೈಪುಗಳನ್ನು ನಾಲ್ಕು ಮೂಲೆಗೆ ನಿಲ್ಲಿಸಿ, ಮೇಲೆ ಚಂದ್ರಿಕೆ ಕಟ್ಟಿದೆವು. ಅತ್ತೆ ಗಂಟುಗಳನ್ನು ತಾವೇ ಬಿಗಿದರು. ಅಷ್ಟರಲ್ಲಿ ಕೆಳಗೆ ಹೋಗಿ ಸುಣ್ಣದ ಪುಡಿಯ ಡಬ್ಬವನ್ನೂ ತಂದಿದ್ದರು, ಜ್ವರದ ಹುಳಕ್ಕೆ ಉದುರಿಸುವ ಹಾಗೆ ಉದುರಿಸಲು. ಅವರ ಕೈ ಹಿಡಿದೆ. "ಸುಣ್ಣ ಬೇಡ ಅತ್ತೆ. ಇದಕ್ಕೆ ಆಗಲ್ಲ."

"ಒಸಿ?"

"ಒಸಿನೂ ಬೇಡ."

ಬಿಸಿಲೇರಿದಾಗ ತಟ್ಟೆಯ ಮೇಲೆ, ಸುತ್ತಲಿನ ಸಿಮೆಂಟಿನ ಮೇಲೆ, ಸುರುಳಿ ಸುರುಳಿ ನೆರಳು ಬಿತ್ತು. ಅತ್ತೆ ಅದರೊಳಗೆ ಬರಿಗಾಲಿಟ್ಟು ನೋಡಿದರು, ತಣ್ಣಗಿತ್ತು. ಆಮೇಲೆ ದಿನವೂ ಬೆಳಗ್ಗೆ, ಹುಳು ಪೊರೆ ಬಿಟ್ಟು ಎದ್ದಿತೇ ಎನ್ನುವ ಹಾಗೆ ಕೇಳುತ್ತಿದ್ದರು, "ಜ್ವರ ಎದ್ದೈತಾ?" ಎಂದು. ನಾನು "ಇನ್ನೂ ಇಲ್ಲ ಅತ್ತೆ" ಎನ್ನುತ್ತಿದ್ದೆ. ಹೊಸ ಎಲೆಗೆ ಮೊದಲು ಹಳೆಯ ಎಲೆ ಬಹಳಷ್ಟು ಉದುರಿತು. ಎರಡು ಗಳು ಪೂರ್ತಿ ಒಣಗಿದವು. ಉಳಿದವು ಮುಂಗಾರಿಗೆ ಮೊದಲಿನ ಮಳೆಯವರೆಗೆ ಹೇಗೋ ಹಿಡಿದುಕೊಂಡವು.

ಈಗ ಮಳೆ ಹಿಡಿದಿದೆ. ಚಂದ್ರಿಕೆಗಳನ್ನು ಬಿಚ್ಚಿ, ಒರೆಸಿ, ಒಣಗಿಸಿ ಮತ್ತೆ ಪಂಚೆ ಹೊದಿಸಿ ಇಟ್ಟಾಯಿತು, ಬರುವ ಬೇಸಿಗೆಗೆ. ತಟ್ಟೆಯ ಅಂಚಿನಲ್ಲಿ ಒಂದು ಕಳಲೆ ಮೂತಿ ಹಾಕಿದೆ, ನನ್ನ ಕಿರುಬೆರಳಿಗಿಂತ ಸಣ್ಣದು. ದಿನವೂ ಒಂದು ಪೊರೆ ಸುಲಿಯುತ್ತಿದ್ದೇನೆ. ಕೆಳಗಿನ ಗಿಣ್ಣಿನ ಮೇಲೆ ಉಬ್ಬು ಶುರುವಾಗಿರಬಹುದು, ಅಥವಾ ಅದು ನನ್ನ ಆಸೆಯಿರಬಹುದು. ಇನ್ನೂ ಹೇಳಲು ಬಾರದು. ಅತ್ತೆಯ ಡ್ರಮ್ಮಿನ ಬಿದಿರು ತೆಂಗಿನ ಗರಿಯ ಜೊತೆ ಮಾತಾಡುವಷ್ಟು ಎದ್ದಿದೆ.

ನಡುಮನೆಯ ಕಿಟಕಿಯ ಪಕ್ಕ ಖಾಲಿಯಿದೆ. ಅಲ್ಲಿದ್ದ ನನ್ನ ಕುರ್ಚಿಯನ್ನು ಹೊರಗಿನ ಮೆಟ್ಟಿಲಲ್ಲಿ ತಾರಸಿಗೆ ಹೊತ್ತೊಯ್ದೆ. ಅದರ ಪಕ್ಕಕ್ಕೆ ಅತ್ತೆಗೊಂದು ಮಣೆ. ಮೋಡ ಮುಚ್ಚಿದ ಮಧ್ಯಾಹ್ನಗಳಲ್ಲಿ ನಾನು ಹೊಲಿಗೆ ಹಿಡಿದು ಕೂರುತ್ತೇನೆ. ಅತ್ತೆ ಮಡಿಲಲ್ಲಿ ಹಿಕ್ಕೆಯ ಪೊಟ್ಟಣ ಇಟ್ಟುಕೊಂಡು ತಟ್ಟೆಯನ್ನೂ ನನ್ನನ್ನೂ ನೋಡುತ್ತಾರೆ.

"ನಾಕೇ ನಾಕು ಕಾಳು ಕಣವ್ವ?"

"ಡ್ರಮ್ಮಿಗೆ ಹಾಕಿ ಅತ್ತೆ," ಎನ್ನುತ್ತೇನೆ, ಸೂಜಿಯಿಂದ ಕಣ್ಣೆತ್ತದೆ.